ಸೋಮವ್ವನ ಮಾತು

ಯಲ್ಲಾಲಿಂಗ ತಾನೇ ತೆಗೆದ ಸಿನಿಮಾ ಲ್ಯಾಪ್‌ಟಾಪಿನಲ್ಲಿ ಮುಗಿಯಿತು. ಪೂನಮ್ ಏನು ಹೇಳುತ್ತಾಳೋ ಎಂದು ಅವನ ಜೀವ ಬಾಯಿಗೆ ಬಂದಿತ್ತು.

ಜಮಖಂಡಿಯ ಕಾಲೇಜಿನಲ್ಲಿ ಪ್ರತಿ ಶನಿವಾರ ಸಿನಿಮಾ ಕೂಟ ನಡೆಸುವ ಈ ಮೇಡಂಗೆ ಅವನೇ ಗಂಟುಬಿದ್ದು ಕೇಳಿದ್ದ. "ಚಿತ್ರೋತ್ಸವಕ್ಕ ಕಳಸೂದ್ರ ಮುಂಚೆ ಒಮ್ಮೆ ನೋಡ್ರಿ. ನಮ್ಮ ಕುರಿ ಕಾಯೋ ಮಂದೀನ ಸರಿಯಾಗಿ ತೋರ್ಸೇನೋ ಇಲ್ಲೋ, ಖರೆ ಹೇಳ್ರಿ." ಹಾಗೆ ಕೇಳುವಾಗ ಅವಳ ಕಣ್ಣು ತಪ್ಪಿಸಿ ಗೋಡೆ ನೋಡಿದ್ದ. ಗೋಡೆಯಲ್ಲಿ ನೋಡುವಂಥದ್ದೇನೂ ಇರಲಿಲ್ಲ.

ಖರೆ ಹೇಳಿದರೆ ಇವನು ಮುಂದಿನ ಶನಿವಾರ ಬರುತ್ತಾನೋ ಇಲ್ಲವೋ ಎಂಬ ಭಯ ಪೂನಮ್‌ಗೆ. ತಾನು ಶನಿವಾರಕ್ಕೆ ಕಾಯುವುದು ಸಿನಿಮಾ ನೋಡಲಿಕ್ಕಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಕುರಿ ಛಲೋ ಮಾತಾಡ್ಯಾವ," ಎಂದಳು.

"ಅಂದ್ರ?"

"ಗಂಡಸರು ಮಾತಾಡ್ತಾರ, ಕುರಿ ಒದರ್ತಾವ, ನಾಯೀನೂ ಬೊಗಳ್ತೈತಿ. ಹೆಂಗಸರು ಮಾತ್ರ ಬಾಯಿ ಬಿಡಂಗಿಲ್ಲ. ಉಣ್ಣೆ ನೂಲೂ ಆ ಮುದುಕಿ ಬರೇ ಗುಡ್ಡ ನೋಡ್ಕೋಂತ ಕುಂತಾಳ."

"ಅದು ಮೌನರೀ. ಆರ್ಟ್ ಸಿನಿಮಾದಾಗ..."

"ಅಕಿ ಯಾರು?"

"ನಮ್ಮವ್ವ. ಸೋಮವ್ವ."

"ಮನ್ಯಾಗೂ ಹಿಂಗ ಸುಮ್ಮ ಕೂಡ್ತಾರೇನು?"

ಯಲ್ಲಾಲಿಂಗನಿಗೆ ನಗು ತಡೆಯಲಾಗಲಿಲ್ಲ. ಸೋಮವ್ವ ಬಾಯಿ ತೆರೆದರೆ ಅವರ ಊರು ಹುನ್ನೂರಿನಲ್ಲಿ ಬೇರೆಯವರಿಗೆ ಸರದಿಯೇ ಸಿಗುತ್ತಿರಲಿಲ್ಲ.

"ಮತ್ತ ಅಕಿ ಬಾಯಿ ಕಟ್ಟಿದವ್ರು ಯಾರು?" ಪೂನಮ್ ನಗಲಿಲ್ಲ. "ನಾವು ರಬಕವಿ ನೇಕಾರ ಮಂದಿ. ಸಿನಿಮಾದಾಗ ನಮ್ಮ ಹೆಂಗಸರ್ದೂ ಇದ ಕಥಿ, ಮಗ್ಗದ ಮುಂದ ಕುಂತು ಕಣ್ಣೀರ ಹಾಕೂದು. ಹೊರಗಿನವ್ರು ಮಾಡಿದ್ರ ತಿಳೀಲಿಲ್ಲ ಅಂತ ಬಿಡಬಹುದು. ನೀವ ಮಾಡಿದ್ರ ನೋವಾಗ್ತೈತ್ರಿ."

ಹೇಳಿಯೇಬಿಟ್ಟಳು. ಇನ್ನು ಅವನು ಲ್ಯಾಪ್‌ಟಾಪ್ ಮುಚ್ಚಿಕೊಂಡು ಎದ್ದು ಹೋಗುತ್ತಾನೆ ಎಂದುಕೊಂಡು ಕೈಬಳೆ ತಿರುವುತ್ತಾ ಕೂತಳು.

ಅವನು ಏಳಲಿಲ್ಲ. ಕಿವಿ ಮಾತ್ರ ಕೆಂಪಗಾಗಿತ್ತು.

"ಅವ್ವ ಮಾತಾಡಿದ್ಲು. ಅದನ್ನ ನಾನ ಕತ್ತರಿಸಿ ಅಲ್ಲಿ ಕೊಳಲಿನ ದನಿ ಹಾಕೀನಿ."

"ಯಾಕ?"

"ಕಲೆ ಅಂತ ಎಲ್ಲಾರಿಗೂ ಹೇಳೀನಿ. ಖರೆ ಕಾರಣ ಬ್ಯಾರೇನ ಐತಿ."

ಇನ್ನೊಂದು ಫೈಲು ತೆರೆದು ಹೆಡ್‌ಫೋನನ್ನು ಅವಳ ಕೈಗಿಟ್ಟ. ಅದೇ ಗುಡ್ಡ, ಅದೇ ಉಣ್ಣೆ, ಅದೇ ಸೋಮವ್ವ. ಈಗ ದನಿಯಿತ್ತು.

"ನನ್ನ ಮಾರಿ ಮುಂದ ಏನ್ ಕ್ಯಾಮೆರಾ ಹಿಡೀತಿ ಲೇ ಯಲ್ಯಾ? ಶನಿವಾರ ಬಂದ್ರ ಅಂಗಿಗೆ ಇಸ್ತ್ರಿ ಹಾಕ್ಕೊಂಡು ಜಮಖಂಡಿಗೆ ಓಡ್ತಿ. ಹೊಳ್ಳಿ ಬಂದು ಕುರಿ ಮುಂದ ಆ ಪೂನಮ್ನ ಸುದ್ದಿ ಹೇಳ್ತಿ. ಕುರಿ ಹೂಂ ಅಂದ್ರ ಆತೇನು? ಅಕೀನ ಕೇಳ್ಬೇಕಲ್ಲ? ನೀ ಕೇಳ್ತಿಯೋ, ನಾನ ಹೋಗಿ ಕೇಳ್ಲೋ?"

ಪೂನಮ್ ಹೆಡ್‌ಫೋನ್ ತೆಗೆಯದೆ, ವಿಡಿಯೋ ಹಿಂದಕ್ಕೆ ಎಳೆದು ಮತ್ತೊಮ್ಮೆ ಕೇಳಿದಳು. ತುಟಿ ಕಚ್ಚಿದರೂ ನಗು ನಿಲ್ಲಲಿಲ್ಲ.

"ನೀವಂದ್ರ ನನಗ ಭಾಳ ಪ್ರೀತಿರೀ," ಎಂದ ಯಲ್ಲಾಲಿಂಗ, ಈ ಸಲ ಗೋಡೆ ನೋಡದೆ. "ಅವ್ವನಷ್ಟು ಛಲೋ ಹೇಳಾಕ ಬರಂಗಿಲ್ಲ."

"ಆ ಕೊಳಲು ತಗದು ಅವ್ವನ ಮಾತು ಹಾಕ್ರಿ."

"ಊರಿಗೆಲ್ಲ ಗೊತ್ತಾಗ್ತೈತ್ರಿ."

"ಆಗ್ಲಿ. ನಾಳೆ ನಾನೂ ಹುನ್ನೂರಿಗೆ ಬರ್ತೀನಿ, ಕ್ಯಾಮೆರಾ ತಯಾರ ಇಡ್ರಿ." ಪೂನಮ್ ಅವನ ಕೆಂಪು ಕಿವಿಯನ್ನೇ ನೋಡುತ್ತಾ ಹೇಳಿದಳು. "ಅತ್ತಿ ಅಷ್ಟು ಕೇಳ್ಯಾರಂದ್ರ, ಸೊಸಿದೂ ಒಂದು ಮಾತು ಸಿನಿಮಾದಾಗ ಇರ್ಲಿ."