ಬಂದ ಮೇಲೆ ಬೈಯಬಾರದು

"ಹಿಡೀರಿ... ಯಾರಾದ್ರೂ ಅದನ್ನ ಹಿಡೀರಿ!"

ಕೊರಳಲ್ಲಿ ಅಳತೆ ಟೇಪು, ಒಂದೇ ಕಾಲಲ್ಲಿ ಚಪ್ಪಲಿ. ಅವಳು ಮೈದಾನದ ತುಂಬ ಓಡುತ್ತಿದ್ದಳು. ಅವಳ ಮುಂದೆ ಕಂದು ಬಣ್ಣದ ನಾಯಿಮರಿಯೊಂದು ಕಿವಿ ಹಾರಿಸುತ್ತ, ಹುಟ್ಟಿದ್ದೇ ಇದಕ್ಕೆ ಎನ್ನುವಂತೆ ನೆಗೆಯುತ್ತಿತ್ತು.

ಗೇಟಿನಾಚೆ ರಸ್ತೆ. ರಸ್ತೆಯಲ್ಲಿ ಲಾರಿ!

ಗೇಟಿನ ಬೀಗ ರಿಪೇರಿ ಮಾಡುತ್ತ ಕುಕ್ಕರುಗಾಲಲ್ಲಿ ಕೂತಿದ್ದವನು ತಲೆ ಎತ್ತಿದ. ಎಡಗಾಲಿನಿಂದ ಗೇಟನ್ನು ಒದ್ದು ಮುಚ್ಚಿದ. ಮರಿಯ ಹೊಟ್ಟೆಯಡಿ ಕೈ ಹಾಕಿ ಎತ್ತಿಕೊಂಡ.

ಅವಳು ಏದುಸಿರು ಬಿಡುತ್ತ ಬಂದು ಮರಿಯನ್ನು ಕಿತ್ತುಕೊಂಡಳು. ಕೊರಳಿಗೆ ಬಾರು ಸಿಕ್ಕಿಸಿ ಬೆನ್ನಿಗೊಂದು ಬಿಟ್ಟಳು. "ಕರೆದ್ರೆ ಬರೋಕಾಗಲ್ವಾ ನಿಂಗೆ? ಹಾಂ?"

"ಬಂದ್ರೆ ಸಿಗೋದು ಇದೇ ತಾನೆ?"

ಅವಳು ಕತ್ತೆತ್ತಿದಳು. "ಏನಂದ್ರಿ?"

"ಬೆಳಗ್ಗೆಯಿಂದ ನೋಡ್ತಾ ಇದೀನಿ. 'ಬಟನ್, ಬಾ' ಅಂತೀರಿ. ಬರುತ್ತೆ. ಬಂದ ತಕ್ಷಣ ಬಾರು ಹಾಕ್ತೀರಿ, ಬೈತೀರಿ. ಆಟ ಮುಗೀತು! ನಾನಾಗಿದ್ರೆ ಆ ಗೋಡೆ ಹಾರಿ ಊರೇ ಬಿಡ್ತಿದ್ದೆ."

"ನಿಮ್ಮನ್ನ ಯಾರೂ ಕರೀಲಿಲ್ಲ, ಕೀಲಿ ಸಾಹೇಬ್ರೇ!"

"ಕರೆದ್ರೂ ಬರಲ್ಲ, ಟೇಪಮ್ಮ!"

ಅವಳು ಧುಮುಗುಡುತ್ತ ಹೊರಟುಹೋದಳು. ಮರಿ ಮಾತ್ರ ತಿರುತಿರುಗಿ ಅವನ ಸೊಂಟದಲ್ಲಿ ಗಿಲಗಿಲ ಎನ್ನುವ ಕೀಗೊಂಚಲನ್ನೇ ನೋಡುತ್ತಿತ್ತು.

ಛೆ! ಲಾರಿಯಿಂದ ಉಳಿಸಿದವನಿಗೆ ಒಂದು ಥ್ಯಾಂಕ್ಸ್ ಕೂಡ ಹೇಳಲಿಲ್ಲವಲ್ಲ ಎಂದು ಅವಳಿಗೆ ಹೊಳೆದದ್ದು ಮನೆಯ ಮೆಟ್ಟಿಲು ಹತ್ತುವಾಗ.

ಮೆಟ್ಟಿಲ ಮೇಲೆ ಅತ್ತೆ ನಿಂತಿದ್ದರು. ಅಪ್ಪನ ಅಕ್ಕ. ಮೇಲಿನ ಮನೆಯಲ್ಲಿ ಅವರು, ಕೆಳಗಿನ ಮನೆಯಲ್ಲಿ ಅಪ್ಪ-ಮಗಳು. ಇಡೀ ಕಟ್ಟಡವೇ ಅತ್ತೆಯದು, ಮಾತೂ ಅವರದೇ.

"ಮತ್ತೆ ಓಡಿತಾ? ನಾಳೆ ನಿಮ್ಮಪ್ಪ ಇದರ ಹಿಂದೆ ಓಡಿ ಸೊಂಟ ಮುರ್ಕೊಂಡ್ರೆ ಯಾರೇ ನೋಡೋದು? ಭಾನುವಾರ ನಾನೇ ಮೈದಾನಕ್ಕೆ ಬರ್ತೀನಿ. ಕರೆದಾಗ ಬಂತೋ, ಇರಲಿ. ಇಲ್ವೋ, ಗೋಡೌನಿನವರು ಕಾವಲಿಗೆ ಒಂದು ನಾಯಿ ಕೇಳಿದ್ದಾರೆ. ಸರಪಳಿ ಹಾಕಿ ಕಟ್ಕೊಳ್ಳಲಿ."

"ಅತ್ತೆ! ಇದು ಇನ್ನೂ ಹಾಲುಹಲ್ಲಿನ ಮರಿ..."

"ನಿಮ್ಮಪ್ಪನಿಗೆ ಹಲ್ಲೇ ಇಲ್ಲ. ಅವನ ಚಿಂತೆ ನಂಗೆ."

ಒಳಗೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅಪ್ಪ. ಒಂದು ಕಾಲದಲ್ಲಿ ಬಸ್ಸು ಓಡಿಸಿದ ಮನುಷ್ಯ, ಅಮ್ಮ ಹೋದ ಮೇಲೆ ಹೊಸ್ತಿಲು ದಾಟಿರಲಿಲ್ಲ. ಅವಳ ಹೊಲಿಗೆ ಅಂಗಡಿಯ ಹಿಂದೆ ಸಿಕ್ಕ ಈ ಮರಿಯನ್ನು ಮಡಿಲಿಗೆ ಹಾಕಿದ ದಿನ ಅವರು ನಕ್ಕಿದ್ದರು. "ಮೂಗು ನೋಡೇ, ಕೋಟಿನ ಬಟನ್ ಇದ್ದಂಗಿದೆ!" ಮಾರನೆಯ ಬೆಳಗ್ಗೆ ತಾವಾಗಿಯೇ ಊರುಗೋಲು ಹುಡುಕಿದ್ದರು. ಈಗ ದಿನಾ ಸಂಜೆ ಬಾರು ಹಿಡಿದು ಅದನ್ನು ಮೈದಾನಕ್ಕೆ ಕರೆದೊಯ್ಯುವವರು ಅವರೇ.

ಬಟನ್ ಹೋದರೆ ಅಪ್ಪ ಮತ್ತೆ ಆ ಕುರ್ಚಿಗೇ...

ಇಲ್ಲ. ಬಿಡಲ್ಲ. ಇದನ್ನ ಕಲಿಸಿಯೇ ಕಲಿಸ್ತೀನಿ!

ಮರುದಿನ ಅಂಗಡಿಗೆ ಹೋಗುವ ಮೊದಲು ಅವಳು ಮೈದಾನದ ಮೂಲೆಯ ಬೀಗದಂಗಡಿಯೆದುರು ನಿಂತಳು.

"ನಿನ್ನೆ... ಮರಿ ಉಳಿಸಿದ್ರಿ. ಥ್ಯಾಂಕ್ಸ್."

ಅವನು ಅರದಿಂದ ಕೀ ಉಜ್ಜುತ್ತಲೇ ಇದ್ದ.

"ಗೋಡೆ ಹಾರ್ತಿದ್ದೆ ಅಂದ್ರಲ್ಲ... ಹಾರದೆ ಇರೋದಕ್ಕೆ ಏನ್ ಮಾಡ್ಬೇಕಿತ್ತು?"

ಅರ ನಿಂತಿತು.

"ನಮ್ಮಪ್ಪ ನನ್ನ ಕರೀತಿದ್ದದ್ದೇ ಹೊಡೆಯೋಕೆ. ಬೀದಿ ಕೊನೇಲಿ ನನ್ನ ಹೆಸರು ಕೇಳಿದ್ರೆ ಸಾಕು, ಕಾಲು ತಾನಾಗೇ ಓಡ್ತಿತ್ತು. ಒಂದಿನ ಓಡಿದವನು ಸ್ಕೂಲನ್ನೂ ಬಿಟ್ಟೆ, ಮನೇನೂ ಬಿಟ್ಟೆ." ಅವನು ಅರವನ್ನು ಕೆಳಗಿಟ್ಟ. "ಎಷ್ಟೇ ತಡವಾಗಿ ಬರಲಿ, ಬಂದ ಮೇಲೆ ಬೈಬಾರದು. ನಂಗೆ ಗೊತ್ತಿರೋದು ಇಷ್ಟೇ."

ಅವಳಿಗೆ ತಟ್ಟನೆ ನಿನ್ನೆಯ ಏಟು ನೆನಪಾಗಿ ಕೈ ಸುಟ್ಟಂತಾಯಿತು.

ಅಂದಿನಿಂದ ಬೆಳಗಿನ ಹೊತ್ತು ಮೈದಾನದಲ್ಲಿ ಇಬ್ಬರೂ ಇರುತ್ತಿದ್ದರು. ಕೆಟ್ಟುಹೋಗಿದ್ದ 'ಬಾ' ಎನ್ನುವ ಕರೆಯನ್ನೇ ಬಿಟ್ಟರು. ಬಟನ್ ಹತ್ತಿರ ಬಂದರೆ ಬೇಯಿಸಿದ ಮೊಟ್ಟೆಯ ಒಂದು ಚೂರು, ಒಂದು ಮುದ್ದು, ಮತ್ತೆ ಆಟಕ್ಕೆ ಬಿಡುಗಡೆ. ಬಾರಿನ ಸುದ್ದಿಯೇ ಇಲ್ಲ.

ಆದರೂ ಪಾರಿವಾಳ ಕಂಡರೆ ಮುಗಿಯಿತು! ಮೊಟ್ಟೆಯೂ ಬೇಡ, ಮುದ್ದೂ ಬೇಡ.

ಒಂದು ಬೆಳಗ್ಗೆ ಹೆಸರು ಹಿಡಿದು ಕರೆದು ಕರೆದು ಅವಳ ಗಂಟಲು ಹೋಯಿತು. ಕಣ್ಣಲ್ಲಿ ನೀರು. ಚಪ್ಪಾಳೆ ತಟ್ಟಿ ಕಿರುಚಿದಳು, "ಆಯ್ತು ಕಣೋ! ನೀನಿಲ್ಲೇ ಬಿದ್ದಿರು. ನಾ ಹೊರಟೆ!"

ಬೆನ್ನು ತಿರುಗಿಸಿ ದಾಪುಗಾಲು ಹಾಕಿದಳು.

"ತಿರುಗ್ಬೇಡಿ!" ಅವನ ಸ್ವರ. "ಹಾಗೇ ನಡೀರಿ... ಬರ್ತಾ ಇದೆ!"

ಹಿಂದಿನಿಂದ ಪಟಪಟ ಸದ್ದು. ಹಿಮ್ಮಡಿಗೆ ತಣ್ಣನೆಯ ಮೂಗು ತಾಗಿತು!

"ಬಂತು! ಬಂತೂ ರೀ!" ಅವಳು ಕುಣಿದಾಡಿ ಅವನ ಎರಡೂ ಕೈ ಹಿಡಿದುಕೊಂಡಳು. ಕಬ್ಬಿಣದ ವಾಸನೆಯ ಒರಟು ಕೈಗಳು... ಬಿಡಬೇಕೆಂದು ಅವಳಿಗೂ ನೆನಪಾಗಲಿಲ್ಲ, ಅವನಿಗೂ ಹೊಳೆಯಲಿಲ್ಲ.

"ಇಷ್ಟು ದಿನ ನಾವೇ ಅದರ ಹಿಂದೆ ಓಡಿದ್ವಿ," ಅವಳೆಂದಳು. "ಅದಕ್ಕೆ ಅದು ಆಟ. ನಾವು ಹೊರಟ್ರೆ ತಾನೇ ಅದಕ್ಕೆ ನಾವು ಬೇಕನ್ಸೋದು?"

"ಟೇಪಮ್ಮನ ತಲೆ ಓಡುತ್ತೆ."

"ಕಾಲಿಗಿಂತ ಜೋರಾಗಿ!"

ಇಬ್ಬರೂ ನಕ್ಕರು. ಅವನು ನಕ್ಕಿದ್ದನ್ನು ಅವಳು ನೋಡಿದ್ದು ಅದೇ ಮೊದಲು. ಅಂದಿನಿಂದ ಚಪ್ಪಾಳೆ ತಟ್ಟಿ 'ನಾ ಹೊರಟೆ' ಎನ್ನುವುದೇ ಬಟನ್‌ಗೆ ಹೊಸ ಕರೆಯಾಯಿತು.

ಶನಿವಾರ ಸಂಜೆ ಅವಳು ಮನೆಯ ತಿರುವಿಗೆ ಬಂದಾಗ ಅತ್ತೆಯ ಬಾಗಿಲಲ್ಲಿ ಅವನು ನಿಂತಿದ್ದ. ಅವನ ಕೈಯಿಂದ ಅತ್ತೆಯ ಕೈಗೆ ದಾಟುತ್ತಿದ್ದದ್ದು... ದಪ್ಪನೆಯ ಕಬ್ಬಿಣದ ಸರಪಳಿ!

ಬೆಳಗ್ಗೆ ಮರಿಗೆ ಮೊಟ್ಟೆ, ಸಂಜೆ ಅದೇ ಮರಿಗೆ ಸರಪಳಿಯಾ?

ಅವನು ಅಂಗಡಿ ತಲುಪುವುದರೊಳಗೆ ಅವಳು ಅಲ್ಲಿದ್ದಳು.

"ಕೀಲಿ ಸಾಹೇಬ್ರೇ! ಬನ್ನಿ ಇಲ್ಲಿ! ಬಟನ್ ಸೋಲುತ್ತೆ ಅಂತ ಮೊದಲೇ ಗೊತ್ತಿತ್ತಾ? ಅದಕ್ಕೇ ಮುಂಚೆನೇ ಸರಪಳಿ ರೆಡಿ ಮಾಡ್ಕೊಟ್ರಾ?"

"ನಾನು..."

"ಏನೂ ಹೇಳ್ಬೇಡಿ! ಕಣ್ಣಾರೆ ನೋಡಿದೀನಿ. ಹಣೇಬರಹ ನಂದು, ನಿಮ್ಮನ್ನ ನಂಬಿದೆ!"

ಅವನ ಮುಖ ಕೆಂಪಾಯಿತು, ಆಮೇಲೆ ಕಲ್ಲಾಯಿತು.

"ನೀವೂ ಕರೆಯೋದು ಇದಕ್ಕೇನಾ?" ಎಂದನಷ್ಟೆ. ಶಟರ್ ಸರ್ರನೆ ಕೆಳಗಿಳಿಯಿತು.

ಭಾನುವಾರ. ಅತ್ತೆ ಮೈದಾನದ ಕಲ್ಲುಬೆಂಚಿನ ಮೇಲೆ ನ್ಯಾಯಾಧೀಶರಂತೆ ಕೂತರು. ಪಕ್ಕದಲ್ಲಿ ಊರುಗೋಲು ಹಿಡಿದು ಅಪ್ಪ.

ಅವಳು ಚಪ್ಪಾಳೆಗೆ ಕೈ ಎತ್ತಿದಳು.

"ನೀನಲ್ಲ." ಅತ್ತೆ ಅಪ್ಪನತ್ತ ಬೆರಳು ತೋರಿಸಿದರು. "ದಿನಾ ಕರ್ಕೊಂಡು ಬರೋನು ಇವನು. ಇವನೇ ಕರೀಲಿ."

ಅಪ್ಪನಿಗೆ ಅವಳು ಮನೆಯಲ್ಲಿ ಹೇಳಿಕೊಟ್ಟಿದ್ದಳು, ಇಲ್ಲಿ ಒಮ್ಮೆಯೂ ಅಭ್ಯಾಸ ಮಾಡಿಸಿರಲಿಲ್ಲ. ಅಷ್ಟರಲ್ಲಿ ಬಟನ್ ಪಾರಿವಾಳಗಳ ಹಿಂಡಿನ ಹಿಂದೆ ದೂರದ ಬೇಲಿಯವರೆಗೆ ಓಡಿಬಿಟ್ಟಿತ್ತು.

ಅಪ್ಪ ಊರುಗೋಲನ್ನು ಕಂಕುಳಲ್ಲಿ ಇಟ್ಟು ಚಪ್ಪಾಳೆ ತಟ್ಟಿದರು. "ಲೋ ಬಟನ್... ನಾ ಹೊರಟೆ!"

ಮರಿ ಒಮ್ಮೆ ನೋಡಿತು. ಮತ್ತೆ ಪಾರಿವಾಳದ ಕಡೆ ತಿರುಗಿತು.

"ನೋಡಿದ್ಯಾ?" ಅತ್ತೆ ಎಂದರು.

ಅವಳ ಕಾಲು ಮರಿಯತ್ತ ಓಡಲು ಒದ್ದಾಡಿತು. ಓಡಬಾರದು. ಓಡಿದರೆ ಎಲ್ಲ ಮುಗಿಯಿತು. ಟೇಪಿನ ತುದಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ನಿಂತಳು. "ಅಪ್ಪಾ, ತಿರುಗ್ಬೇಡ. ನಡಿ."

ಅಪ್ಪ ಬೆನ್ನು ತಿರುಗಿಸಿದರು. ಊರುಗೋಲು... ಕಾಲು... ಊರುಗೋಲು... ಕಾಲು... ಇಷ್ಟು ನಿಧಾನದ ನಡಿಗೆಗೆ ಯಾವ ಮರಿ ಹೆದರೀತು?

ಆದರೆ ಆ ಬಗ್ಗಿದ ಬೆನ್ನು ದೂರವಾಗುವುದನ್ನು ಬಟನ್ ನೋಡಿತು. ಒಂದು ಕಿವಿ ಎದ್ದಿತು. ಇನ್ನೊಂದೂ ಎದ್ದಿತು. ಆಮೇಲೆ ಪಾರಿವಾಳಗಳ ನಡುವಿನಿಂದಲೇ ಸೀಳಿಕೊಂಡು ಬಂದು ಅಪ್ಪನ ಪಾದದ ಮೇಲೆ ಉರುಳಿಬಿತ್ತು!

"ಬಂದ್ಯೇನೋ ರಾಜ... ಬಂದ್ಯಾ..." ಅಪ್ಪನ ಸ್ವರ ಒಡೆಯಿತು.

ಅತ್ತೆ ಎದ್ದು ಬಂದರು. "ಇಷ್ಟೊತ್ತು ಮಾಡಿದ್ದಕ್ಕೆ ಎರಡು ಬಿಡು ಅದಕ್ಕೆ!"

ಅವಳು ನಡುವೆ ಅಡ್ಡ ನಿಂತಳು. "ಬೇಡ ಅತ್ತೆ. ಬಂದ ಮೇಲೆ ಬೈಬಾರದು."

ಅತ್ತೆ ಹುಬ್ಬೇರಿಸಿದರು. "ಆ ಬೀಗದ ಹುಡುಗನೂ ಇದನ್ನೇ ಅಂದ. ಸರಪಳಿಗೆ ಬೀಗ ಕೂರಿಸಿಕೊಡಪ್ಪ ಅಂತ ಕೊಟ್ಟಿದ್ದೆ. ನಿನ್ನೆ ಹಂಗೇ ವಾಪಸ್ ತಂದುಕೊಟ್ಟ. 'ಈ ಕೆಲಸ ನನ್ನ ಕೈಲಾಗಲ್ಲಮ್ಮ, ಆ ಮರಿ ಬಂದೇ ಬರುತ್ತೆ' ಅಂದ. ನಂಗೇ ಬುದ್ಧಿ ಹೇಳ್ತಾನೆ, ಕೊಬ್ಬು!"

ವಾಪಸ್...

ಕೊಡುವುದನ್ನಲ್ಲ, ಅವಳು ನೋಡಿದ್ದು ಹಿಂದಿರುಗಿಸುವುದನ್ನು.

ಬೀಗದಂಗಡಿಯ ಶಟರ್ ಅರ್ಧ ತೆರೆದಿತ್ತು. ಅವನು ಬೆನ್ನು ತಿರುಗಿಸಿ ಕೂತು ಕೀಗೆ ಅರ ಉಜ್ಜುತ್ತಿದ್ದ.

'ಕೀಲಿ ಸಾಹೇಬ್ರೇ' ನಾಲಿಗೆಯ ತುದಿಗೆ ಬಂತು. ಅವಳು ನುಂಗಿಕೊಂಡಳು. ಚುಚ್ಚುವುದಕ್ಕೇ ಬಳಸಿ ಬಳಸಿ ಆ ಕರೆಯನ್ನೂ ತಾನೇ ಕೆಡಿಸಿದ್ದಳಲ್ಲ!

"ಬಟನ್ ಬಂತು," ಎಂದಳು. "ಅಪ್ಪ ಕರೆದ್ರೆ ಬಂತು. ಮೊದಲು ನಿಮಗೇ ಹೇಳೋಣ ಅಂತ ಓಡಿ ಬಂದೆ."

ಅರ ನಿಂತಿತು. ಅವನು ತಿರುಗಲಿಲ್ಲ.

"ನಿನ್ನೆ ನಾನು ಕೇಳಲಿಲ್ಲ, ಹೊಡೆದೆ. ಮಾತಲ್ಲಿ ಹೊಡೆದೆ. ತಪ್ಪು ನಂದು. ನೀವು ಬರದೇ ಇದ್ರೂ ನಂಗೆ ಕೋಪ ಇಲ್ಲ. ಆದ್ರೆ ನೀವು ನಂಗೆ ಬೇಕು. ಮರಿ ಕಲಿಸೋಕಲ್ಲ... ಸುಮ್ನೆ, ದಿನಾ ಬೇಕು."

ಅರ ಮತ್ತೆ ಕೀಯ ಮೇಲೆ ಸರಿದಾಡತೊಡಗಿತು.

ಅವಳು ಮೆಲ್ಲಗೆ ಎರಡು ಚಪ್ಪಾಳೆ ತಟ್ಟಿದಳು. "ನಾ ಹೊರಟೆ..."

ಬೆನ್ನು ತಿರುಗಿಸಿ ನಡೆದಳು. ಹಣ್ಣಿನ ಗಾಡಿ ದಾಟಿತು. ಮೈದಾನದ ಗೇಟು ಬಂತು. ಹಿಂದೆ ಏನೂ ಇಲ್ಲ. ಕಣ್ಣು ಮಂಜಾಯಿತು. ಆದರೂ ತಿರುಗಲಿಲ್ಲ!

ಗಿಲ್... ಗಿಲಗಿಲ... ಗಿಲಗಿಲಗಿಲ!

ಕೀಗೊಂಚಲು ಓಡಿ ಬರುತ್ತಿತ್ತು.

"ಎಷ್ಟೊತ್ತು ಮಾಡ್ದೆ! ಜೀವನೇ..." ಎಂದು ಶುರುಮಾಡಿದವಳು ತುಟಿ ಕಚ್ಚಿಕೊಂಡಳು.

ಅವನು ಏದುಸಿರಿನಲ್ಲೇ ನಕ್ಕ. "ಹೂಂ? ಬೈಯಲ್ವಾ?"

"ಇಲ್ಲ. ಬಂದ್ಯಲ್ಲ... ಸಾಕು."

"ಬಂದವರಿಗೆ ಏನೋ ಕೊಡ್ತಿದ್ದೆ ಅಲ್ವಾ?"

ಅವಳು ಜೇಬಿನಿಂದ ಉಳಿದಿದ್ದ ಮೊಟ್ಟೆಯ ಚೂರು ತೆಗೆದು ಅವನ ಅಂಗೈಯಲ್ಲಿ ಇಟ್ಟಳು. ಇಟ್ಟ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಮತ್ತೆ ಆಟಕ್ಕೆ ಬಿಡ್ಬೇಕು, ಅದೂ ನಿಯಮ," ಅವಳೆಂದಳು. "ಹೋಗ್ತೀಯಾ?"

"ಎಲ್ಲಿಗೆ?" ಅವನು ಆ ಕೈಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡ. "ಓಡಿ ಓಡಿ ಸಾಕಾಗಿದೆ ಕಣೇ."