ನಾಲ್ಕು ತೀರದ ದೋಣಿಮಾತು

ಬಹಳ ಬಹಳ ಹಿಂದೆ, ಕಡಲಿನಾಚೆ ಲಾವೇರಿಯ ಎಂಬ ರಾಜ್ಯದಲ್ಲಿ ಒಂದು ದೊಡ್ಡ ಸರೋವರವಿತ್ತು. ಅದಕ್ಕೆ ನಾಲ್ಕು ತೀರ. ಒಂದು ಕಾಲದಲ್ಲಿ ನಾಲ್ಕೂ ತೀರದವರು ಒಂದೇ ಹಿರಿಯ ಭಾಷೆ ಆಡುತ್ತಿದ್ದರು. ಆ ಭಾಷೆಗೆ ನಾಲ್ಕು ಹೊಸ ಭಾಷೆಗಳೆಂಬ ಹೆಣ್ಣುಮಕ್ಕಳು ಹುಟ್ಟಿದರು, ತೀರಕ್ಕೊಬ್ಬರಂತೆ ಬೆಳೆದರು. ಅವರ ಮುಖದಲ್ಲಿ ಹೋಲಿಕೆ ಇತ್ತು, ಆದರೆ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲ. ನೀರಿಗೆ ಪಡುವಣ ತೀರದವರು ಆಕ್ವ ಎಂದರೆ ತೆಂಕಣದವರು ಆಗುವ ಎನ್ನುತ್ತಿದ್ದರು, ಮೂಡಣದವರು ಆಪ, ಬಡಗಣದವರು ಬರಿ ಓ.

ತಾಯಿಭಾಷೆ ಮನುಷ್ಯರಲ್ಲಿ ಉಳಿದದ್ದು ಒಬ್ಬನ ಬಾಯಲ್ಲಿ ಮಾತ್ರ. ಅವನು ವೆಲ್ತಾರ ಎಂಬ ಮಾಂತ್ರಿಕ. ಆ ಭಾಷೆಯಲ್ಲಿ ಪ್ರತಿ ಹೆಸರಿಗೂ ವಿಭಕ್ತಿಗೊಂದರಂತೆ ಆರು ಮುಖ, ಪ್ರತಿ ಕ್ರಿಯಾಪದದ ಕೊನೆಗೂ ಪ್ರತ್ಯಯಗಳ ನೂರು ಬಾಲ. ಕಲ್ಲು, ಗಾಳಿ, ಮೃಗಗಳು ಹಳೆಯ ಕಾಲದವು, ಅವು ಆ ಭಾಷೆಗೆ ಮಾತ್ರ ಬಗ್ಗುತ್ತಿದ್ದವು. ಒಂದು ಬಾಲ ತಪ್ಪಿದರೂ ಮಂತ್ರ ಹತ್ತುತ್ತಿರಲಿಲ್ಲ. ಆದ್ದರಿಂದ ವೆಲ್ತಾರನಿಗೆ ಎದುರಾಳಿಗಳೇ ಇರಲಿಲ್ಲ.

ತೆಂಕಣ ತೀರದಲ್ಲಿ ಮಿರೇಲ ಮತ್ತು ಅವಳ ತಮ್ಮ ಬಾಸ್ಕೊ ದೋಣಿ ನಡೆಸುತ್ತಿದ್ದರು. ಒಂದು ದಿನ ಕಾಯಿಲೆಯ ಹೆಂಗಸೊಬ್ಬಳನ್ನು ಇಳಿಸಿ ತನಗೆ ಜಾಗ ಕೊಡು ಎಂದು ವೆಲ್ತಾರ ಕೇಳಿದ. ಬಾಸ್ಕೊ ಒಪ್ಪಲಿಲ್ಲ. ಮಾಂತ್ರಿಕ ದಡದಲ್ಲಿ ನಿಂತು ಒಂದೇ ಒಂದು ವಾಕ್ಯ ಹೇಳಿದ. ನಡುನೀರಿನಲ್ಲಿ ಬಾಸ್ಕೊ ಕಲ್ಲಾಗಿ, ದೋಣಿಯಿಂದ ಜಾರಿ ನೀರಿನಲ್ಲಿ ನೆಟ್ಟಗೆ ನಿಂತುಬಿಟ್ಟ.

ಮಿರೇಲ ಕಾಲು ಹಿಡಿದಳು. ವೆಲ್ತಾರ ನಕ್ಕು ಹೇಳಿದ: "ನಾಲ್ಕು ತೀರದವರೂ ಒಂದೇ ಬಾಯಲ್ಲಿ ಕರೆದರೆ ಬರುತ್ತಾನೆ. ನಿಮಗೆ ಒಬ್ಬರ ಹತ್ತಿರ ಒಬ್ಬರು ಉಪ್ಪು ಕೇಳಲೂ ಬರುವುದಿಲ್ಲವಲ್ಲ, ಹೋಗಲಿ ಬಿಡು."

ಕಲ್ಲು ವರ್ಷಕ್ಕೊಂದು ಗೇಣು ಕೆಸರಿಗೆ ಇಳಿಯುತ್ತಿತ್ತು. ತಲೆ ಮುಳುಗಿದರೆ ಮುಗಿಯಿತು.

ಮಿರೇಲ ದೋಣಿಯಲ್ಲೇ ಒಂದು ಭಾಷೆ ಕಟ್ಟತೊಡಗಿದಳು. ಪದ ಪದವನ್ನೂ ಪ್ರಯಾಣಿಕರ ಮುಂದಿಡುವಳು. ಮೂರು ತೀರದವರು ತಲೆಯಾಡಿಸಿದರೆ ಪದ ಒಳಗೆ, ಇಲ್ಲವಾದರೆ ಹೊರಗೆ. ಹೀಗೆ ಆಕ್ವ ಉಳಿಯಿತು, ಓ ಹೋಯಿತು. ದೋಣಿ ಗಂಡೋ ಹೆಣ್ಣೋ ಎಂದು ಎರಡು ತೀರದವರು ಜಗಳ ತೆಗೆದರು. ದೋಣಿಯ ಹುಟ್ಟು ಹಿಡಿದು ಹೊಡೆದಾಡುವ ಮಟ್ಟಕ್ಕೆ ಹೋದಾಗ ಅವಳು ವಸ್ತುಗಳ ಗಂಡು ಹೆಣ್ಣು ಭೇದವನ್ನೇ ತೆಗೆದುಹಾಕಿದಳು. ಕ್ರಿಯೆಯ ಬಾಲಗಳನ್ನೆಲ್ಲ ಕತ್ತರಿಸಿದಳು. ನಿನ್ನೆಯದಕ್ಕೆ ಮುಂದೊಂದು ಚಿಕ್ಕ ಪದ, ನಾಳೆಯದಕ್ಕೆ ಇನ್ನೊಂದು. ಎಲ್ಲ ಸೇರಿ ಹದಿನಾರು ನಿಯಮ. ಜನ ಅದನ್ನು ದೋಣಿಮಾತು ಎಂದು ಕರೆದರು.

ಮೂರು ವರ್ಷ ಕಳೆಯಿತು. ಕಲ್ಲು ಗಲ್ಲದವರೆಗೆ ಮುಳುಗಿತ್ತು. ಬರುವ ಹುಣ್ಣಿಮೆಯ ಬೆಳಿಗ್ಗೆ ಎಲ್ಲರೂ ನೀರಿನ ಅಂಚಿಗೆ ಬಂದು ಕರೆಯಬೇಕೆಂದು ಮಿರೇಲ ಹೇಳಿಕಳಿಸಿದಳು. ಇದು ವೆಲ್ತಾರನ ಕಿವಿಗೆ ಬಿತ್ತು. ಅವನು ತೆಂಕಣ ಬಿಟ್ಟು ಉಳಿದ ಮೂರು ತೀರಗಳಲ್ಲಿ ಒಂದೊಂದು ಮಾಯಾಮೃಗವನ್ನು ನಿಲ್ಲಿಸಿ, ಯಾರನ್ನೂ ನೀರಿನ ಹತ್ತಿರ ಬಿಡಬೇಡಿ ಎಂದ. ದೋಣಿಮಾತಿನಲ್ಲಿ ಒಂದು ಕುಂದನ್ನು ನೀವು ತೋರಿಸಿದರೆ ಮಿರೇಲಳನ್ನು ನುಂಗಲೂಬಹುದು ಎಂದ.

ಮಿರೇಲ ಮೊದಲು ಬಡಗಣ ತೀರಕ್ಕೆ ಹೋದಳು. ಅಲ್ಲಿ ಕಬ್ಬಿಣದ ಕೊಕ್ಕಿನ ಬಕಪಕ್ಷಿ ಒಂಟಿಕಾಲಿನಲ್ಲಿ ನಿಂತಿತ್ತು.

"ನಿನ್ನ ಮಾತಿನಲ್ಲಿ ಚಂದ್ರ ಗಂಡೋ ಹೆಣ್ಣೋ?" ಎಂದು ಹಿರಿಯ ಭಾಷೆಯಲ್ಲಿ ಕೇಳಿತು. ನಾಲ್ಕೂ ತೀರದ ಪದಗಳನ್ನು ಕೂಡಿಸಿದ್ದ ಮಿರೇಲಳಿಗೆ ಅದರ ತಿರುಳು ತಿಳಿಯಿತು.

"ಎರಡೂ ಅಲ್ಲ. ಚಂದ್ರ ಬೆಳಗುತ್ತದೆ, ಅಷ್ಟೆ," ಎಂದಳು ಮಿರೇಲ ದೋಣಿಮಾತಿನಲ್ಲಿ.

ಬಕಕ್ಕೆ ಆಶ್ಚರ್ಯವಾಯಿತು. ಉತ್ತರಕ್ಕಲ್ಲ, ಉತ್ತರ ತನಗೆ ತಿಳಿಯಿತಲ್ಲ ಎಂದು. ಎಷ್ಟು ಯೋಚಿಸಿದರೂ ಅದಕ್ಕೆ ಕುಂದು ಸಿಗಲಿಲ್ಲ. ಇನ್ನೊಂದು ಕಾಲನ್ನೂ ಊರಿ, ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು.

ಎರಡನೆಯದು ಮೂಡಣ ತೀರ. ಅಲ್ಲಿ ಉರಿಗಣ್ಣಿನ ಕರಡಿ ಕೂತಿತ್ತು.

"ಬಾಲವಿಲ್ಲದ ಕ್ರಿಯೆಯಂತೆ. ತಿಂದವರು ಯಾರು ಎಂದು ಹೇಗವ್ವ ತಿಳಿಯಬೇಕು?"

ತಿಂದವರ ಹೆಸರನ್ನು ಮೊದಲೇ ಹೇಳಿಬಿಡುತ್ತೇವೆ ಎಂದು ಮಿರೇಲ ವಿವರಿಸಿದಳು. ನಾನು, ನೀನು, ಕರಡಿ, ಯಾರಾದರೂ ಆಗಲಿ, ತಿನ್ನುವುದು ಒಂದೇ. ಕರಡಿ ಒಂದೆರಡು ಸಲ ಬಾಯಲ್ಲೇ ಹೇಳಿ ನೋಡಿತು. ಬಳಿಕ ತನ್ನ ಬದುಕಿನಲ್ಲೇ ಮೊದಲ ಸಲ, ಹಸಿವಾಗಿದೆ ಎಂದು ಮನುಷ್ಯರಿಗೆಲ್ಲ ತಿಳಿಯುವಂತೆ ದೋಣಿಮಾತಿನಲ್ಲಿ ಹೇಳಿತು. ಮಿರೇಲ ಬುತ್ತಿಯಿಂದ ಜೇನುಹುಟ್ಟು ತೆಗೆದುಕೊಟ್ಟಳು. ಕರಡಿ ಕೈ ನೆಕ್ಕುತ್ತ ಕಾಡಿಗೆ ಹೋಯಿತು.

ಮೂರನೆಯದು ಪಡುವಣ ತೀರ. ಅಲ್ಲಿ ಬಿಳಿ ಸಿಂಹವಿತ್ತು, ಮೂರರಲ್ಲಿ ಅದೇ ಜಾಣ.

"ನಿನ್ನ ಮಾತಿನಲ್ಲಿ ಒಂದು ಲಾಲಿ ಹಾಡು," ಎಂದಿತು.

ಮಿರೇಲ ಮುಚ್ಚಿಡದೆ ಹೇಳಿದಳು: "ಲಾಲಿ ಇಲ್ಲ. ಇದರಲ್ಲಿ ಯಾರೂ ಮಗುವನ್ನು ಮಲಗಿಸಿಲ್ಲ. ಅದು ಕುಂದೇ. ಲಾಲಿಗೆ ಅವರವರ ಮನೆಯ ಮಾತಿದೆ, ಇದು ದೋಣಿಗೆ."

ಸಿಂಹ ನುಂಗಲು ಬಾಯಿ ತೆರೆದು ಹಾಗೆಯೇ ಮುಚ್ಚಿತು. "ಕುಂದು ತೋರಿಸಿದರೆ ನುಂಗು ಎಂದಿದ್ದಾನೆ. ನೀನೇ ತೋರಿಸಿಬಿಟ್ಟೆಯಲ್ಲ, ಇನ್ನು ನಾನು ತೋರಿಸುವುದೇನು?" ಎಂದು ಗೊಣಗಿ ಮುಂಗಾಲಿನ ಮೇಲೆ ತಲೆಯಿಟ್ಟು ಮಲಗಿತು.

ಹುಣ್ಣಿಮೆಯ ಬೆಳಿಗ್ಗೆ ನಾಲ್ಕು ತೀರದಲ್ಲೂ ಜನ ನೆರೆದರು. ವೆಲ್ತಾರನೂ ಒಂದು ಬಂಡೆಯ ಮೇಲೆ ಬಂದು ಕೂತ. ಪ್ರತಿ ತೀರದಿಂದ ಒಬ್ಬರು ಹಿರಿಯರು ಮಿರೇಲಳ ದೋಣಿಯಲ್ಲಿದ್ದರು. ಕರೆಯಬೇಕಾದದ್ದು ಎರಡೇ ಪದ: ಒಡಹುಟ್ಟಿದವನೇ, ಬಾ. 'ಬಾ' ಎನ್ನುವುದಕ್ಕೆ ವೆನಿ. ಅದಕ್ಕೆ ಎಲ್ಲರ ಒಪ್ಪಿಗೆ ಎಂದೋ ಸಿಕ್ಕಿತ್ತು. ಒಡಹುಟ್ಟಿದವನಿಗೆ ಮಿರೇಲ ಕಲಿಸಿಕಳಿಸಿದ್ದು ಎರ್ಮಾನೊ. ಅದು ತೆಂಕಣದ ಮಾತು. ಬಾಸ್ಕೊ ತೊಟ್ಟಿಲಿನಿಂದ ಕೇಳಿದ್ದು ಅದನ್ನೇ, ಅದನ್ನೇ ಗುರುತಿಸುತ್ತಾನೆ ಎಂದು ಅವಳ ನಂಬಿಕೆ. ಆ ಒಂದು ಪದವನ್ನು ಮಾತ್ರ ಅವಳು ಯಾರ ಮುಂದೆಯೂ ಇಟ್ಟಿರಲಿಲ್ಲ.

ಜನ ಕರೆದರು. ತೆಂಕಣದ ದನಿ ಗಟ್ಟಿಯಾಗಿ ಬಂತು. ಉಳಿದ ಮೂರು ತೀರದ ದನಿ ಒಡೆದು ಚೂರುಚೂರಾಗಿ ಬಂತು. ಕೆಲವರು ತಡವರಿಸಿದರು, ಕೆಲವರು ಅಭ್ಯಾಸಬಲದಿಂದ ತಮ್ಮದೇ ಪದ ಕೂಗಿದರು. ಕಲ್ಲು ಅಲುಗಲಿಲ್ಲ. ನೀರು ಅದರ ಮೂಗಿನವರೆಗೆ ಬಂತು. ವೆಲ್ತಾರ ಬಂಡೆಯ ಮೇಲೆ ಕಾಲು ಚಾಚಿ ಹಾಯಾಗಿ ಕೂತ.

ಮಿರೇಲ ಹುಟ್ಟು ಕೆಳಗಿಟ್ಟಳು. ದೋಣಿಯಲ್ಲಿ ಪಡುವಣದ ಪರವಾಗಿ ರೊಟ್ಟಿ ಸುಡುವ ಮುದುಕಿ ಸಾಲ್ವಿನ ಇದ್ದಳು. ಅವಳು ದೋಣಿಮಾತಿನಲ್ಲೇ ಹೇಳಿದಳು:

"ಮಗಳೇ, ಉಪ್ಪಿಗೆ ನಮ್ಮನ್ನು ಕೇಳಿದೆ, ಚಂದ್ರನಿಗೆ ಕೇಳಿದೆ, ಹೇನಿಗೂ ಕೇಳಿದೆ. ಈ ಒಂದು ಪದಕ್ಕೆ ಯಾಕೆ ಕೇಳಲಿಲ್ಲ?"

"ಇದು ನನ್ನ ತಮ್ಮನ ಪದ, ಅಜ್ಜಿ."

"ನಿನ್ನ ತಮ್ಮನೇ, ಯಾರು ಅಲ್ಲ ಎಂದರು? ಆದರೆ ಕರೆಯುವವರು ನಾವೂ ಇದ್ದೇವಲ್ಲ."

ಮಿರೇಲ ಕಲ್ಲಿನ ಕಡೆ ನೋಡಿದಳು. ಬೇರೆ ಪದದಿಂದ ಕರೆದರೆ ಅವನಿಗೆ ತಿಳಿಯದೆ ಹೋದರೆ? ಕೊನೆಗೆ ಹಿರಿಯರ ಕಡೆ ತಿರುಗಿ, ಒಡಹುಟ್ಟಿದವನಿಗೆ ನಿಮ್ಮಲ್ಲಿ ಏನನ್ನುತ್ತೀರಿ ಎಂದು ಕೇಳಿದಳು. ಬಡಗಣದವನು ಫ್ರೇರ್ ಎಂದ. ಪಡುವಣದವಳು ಫ್ರಾತೆಲ್ಲೊ ಎಂದಳು. ಮೂಡಣದವನು ಫ್ರಾತೆ ಎಂದ. "ಫ್ರಾತೆ ಆಗಬಹುದೇ?" ಎಂದಳು. ಮೂವರೂ ತಲೆಯಾಡಿಸಿದರು. ತೆಂಕಣದ ಹಿರಿಯ ಮುಖ ತಿರುಗಿಸಿದ. ಅವನ ಒಪ್ಪಿಗೆ ಬೇಕಿರಲಿಲ್ಲ, ಆದರೂ ಮಿರೇಲ ಅವನು ಇತ್ತ ತಿರುಗುವವರೆಗೆ ಕಾದಳು.

ದೋಣಿಯಿಂದ ತೀರಕ್ಕೆ, ಬಾಯಿಂದ ಬಾಯಿಗೆ ಪದ ಹೋಯಿತು. ಎಲ್ಲರಿಗಿಂತ ಮೊದಲು ಬಾಯಿ ತೆರೆದವಳು ಮಿರೇಲಳೇ.

"ಫ್ರಾತೆ, ವೆನಿ."

ನಾಲ್ಕು ತೀರವೂ ಒಂದೇ ಬಾಯಾಗಿ ಕರೆಯಿತು. ಕಲ್ಲಿನ ಹಣೆಯಲ್ಲಿ ಬಿರುಕು ಬಿಟ್ಟಿತು. ಚಿಪ್ಪು ಕಳಚಿ ಬಾಸ್ಕೊ ಕೆಮ್ಮುತ್ತ ನೀರಿನಿಂದ ಮೇಲೆದ್ದ. ಹಿರಿಯರು ಅವನನ್ನು ತೋಳು ಹಿಡಿದು ದೋಣಿಗೆ ಎಳೆದುಕೊಂಡರು.

ವೆಲ್ತಾರ ಎದ್ದುನಿಂತು ಮತ್ತೆ ವಾಕ್ಯ ಹೇಳಿದ, ಒಂದು ಬಾಲವೂ ತಪ್ಪದಂತೆ. ಏನೂ ಆಗಲಿಲ್ಲ. ಅಷ್ಟು ಜನರ ದನಿ ಕೇಳಿದ ಕಲ್ಲು, ಗಾಳಿಗಳು ಆಮೇಲೆ ಒಬ್ಬನ ಮಾತಿಗೆ ಕಿವಿಗೊಡಲಿಲ್ಲ. ಅವನು ಬೆಟ್ಟದಾಚೆ ಹೋಗಿ ಯಾವುದೋ ಛತ್ರದಲ್ಲಿ ಪಾತ್ರೆ ತೊಳೆದುಕೊಂಡಿದ್ದನಂತೆ.

ಬಾಸ್ಕೊ ಕಂಬಳಿ ಹೊದ್ದು ಕೂತ ಮೇಲೆ ಅಕ್ಕನನ್ನು ಮನೆಮಾತಿನಲ್ಲಿ ಕೇಳಿದ: "ಅಕ್ಕಾ, ಅದೇನದು ಕೂಗಿದ್ದು? ನಮ್ಮ ಮನೆಯ ಪದ ಅಲ್ಲವಲ್ಲ."

"ಅಲ್ಲ. ನಿನಗೆ ತಿಳಿಯಿತೇ?"

"ಇಲ್ಲ. ಆದರೆ ಅಷ್ಟೊಂದು ಜನ ಕರೆಯುತ್ತಿದ್ದರು, ಹೋಗದೆ ಇರುವುದು ಹೇಗೆ ಎಂದು ಬಂದೆ."

ಆಮೇಲೆ ಲಾವೇರಿಯದವರು ಮನೆಯಲ್ಲಿ ಮನೆಮಾತು, ನೀರಿನ ಮೇಲೆ ದೋಣಿಮಾತು ಆಡಿಕೊಂಡು ಬಾಳಿದರು. ತೀರದಿಂದ ತೀರಕ್ಕೆ ಹೆಣ್ಣು ತಂದರು, ಹೆಣ್ಣು ಕೊಟ್ಟರು. ಜಗಳವನ್ನೂ ಒಂದೇ ಮಾತಿನಲ್ಲಿ ಆಡುತ್ತಿದ್ದುದರಿಂದ ಬೇಗ ರಾಜಿಯಾಗುತ್ತಿದ್ದರು. ಅಕ್ಕ ತಮ್ಮ ತುಂಬಿದ ದೋಣಿ ನಡೆಸುತ್ತ ಬಹುಕಾಲ ಸುಖವಾಗಿದ್ದರು. ಕತೆ ಕೇಳಿದವರ ಮನೆಯಲ್ಲೂ ಹಾಗೆಯೇ ಆಗಲಿ.