ಹೂಂಗುಟ್ಟುವವಳು

ಕಥೆ ಹೇಳುವವರಿದ್ದರೆ ಎದುರಿಗಿದ್ದವರು ಹೂಂಗುಟ್ಟಲೇಬೇಕು. ಇಲ್ಲದಿದ್ದರೆ ಕಥೆ ಅಲ್ಲೇ ನಿಂತುಬಿಡುತ್ತದೆ, ಇದು ನಮ್ಮ ಅಜ್ಜಿಯರು ಮಾಡಿಟ್ಟ ಕಟ್ಟಳೆ. ಅವತ್ತು ಹರಿಹರದ ಬಸ್ಸು ದಾವಣಗೆರೆ ಸ್ಟ್ಯಾಂಡು ಬಿಡುತ್ತಲೇ ಹನುಮೇಶ್ ಕಥೆ ಶುರು ಮಾಡಿದ. ನಾನು ತುಟಿ ಬಿಗಿದು ಕೂತೆ.

"ಯಾಕ ಸುಧಾ, ಹೂಂ ಅನ್ನಲ್ಲ?"

ಥೈರಾಯ್ಡ್ ಆಪರೇಷನ್ನಿನಲ್ಲಿ ನನ್ನ ದನಿ ಹೋಗಿತ್ತು. ಶಾಲೆಯಲ್ಲಿ ಪಾಠ ಹೇಳುವವಳು ನಾನು, ಬಾಯಿಬಡುಕಿ ಅಂತಲೇ ಹೆಸರು. ದಾವಣಗೆರೆಯ ವಾಯ್ಸ್ ಥೆರಪಿ ಮೇಡಂ ತುಟಿ ಮುಚ್ಚಿಸಿ, ಮೂಗಿನಲ್ಲಿ ಗುಂಯ್ ಅನ್ನುವವರೆಗೆ ಗುನುಗಿಸುತ್ತಿದ್ದರು. ಆಮೇಲೆ 'ಆ' ಅಂತ ರಾಗ ಎಳೆಸುತ್ತಿದ್ದರು. ಮನೆಯಲ್ಲಿ ಇದನ್ನೆಲ್ಲ ಮಾಡಲು ನನಗೆ ನಾಚಿಕೆ. ಟೈರ್ ಶೋರೂಮಿನ ಕೆಲಸ ಮುಗಿಸಿ ಅದೇ ಬಸ್ಸಿಗೆ ಬರುವ ಹನುಮೇಶನೇ ಉಪಾಯ ಹುಡುಕಿದ್ದು: ಕಥೆ ಅವನದು, ಹೂಂ ನನ್ನದು. ಹೂಂ ಗಿಡ್ಡವಾದರೆ ಇನ್ನೊಂಚೂರು ಎಳಿ ಅಂತ ಹುಬ್ಬು ಹಾರಿಸುತ್ತಿದ್ದ. ಆ ಹುಬ್ಬಿಗೇ ನಾನು ಸೋತದ್ದು.

ಆದರೆ ಅವನೆದುರು ಹೂಂ ಬಿಟ್ಟು ಒಂದು ಮಾತನ್ನೂ ಆಡಿರಲಿಲ್ಲ. ಉಳಿದದ್ದೆಲ್ಲ ಮೊಬೈಲಿನಲ್ಲಿ ಟೈಪ್. ಮದುವೆ ಆಗೋಣವಾ ಅಂತ ಅವನು ಕೇಳಿದಾಗಲೂ, ದನಿ ಬರಲಿ, ಬಾಯಿಬಿಟ್ಟೇ ಹೇಳ್ತೀನಿ ಅಂತ ಟೈಪ್ ಮಾಡಿದ್ದೆ. ಅವತ್ತು ಬಸ್ಸು ಹತ್ತುವ ಮೊದಲು ಮೇಡಂ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು: ಇನ್ನು ದನಿ ಇಷ್ಟೇ, ಇದರಲ್ಲೇ ಮಾತಾಡುವುದನ್ನು ರೂಢಿ ಮಾಡಿಕೊಳ್ಳಿ.

ದೊಡ್ಡಬಾತಿ ದಾಟಿದಾಗ ಮೊಬೈಲನ್ನು ಅವನ ಮುಂದೆ ಹಿಡಿದೆ. 'ನನಗಾಗಿ ಕಾಯಬೇಡ. ಬೇರೆ ಹುಡುಗಿ ನೋಡಿಕೋ.'

ಓದಿದವನ ಮುಖ ಸಿಟ್ಟಿನಿಂದ ಕೆಂಪಾಯಿತು. "ಇದನ್ನ ಬಾಯಲ್ಲಿ ಹೇಳು. ಟೈಪ್ ಮಾಡಿದ್ರೆ ನಾನು ಒಪ್ಪಲ್ಲ."

ತಲೆ ಅಲ್ಲಾಡಿಸಿದೆ. ನನ್ನ ಒಡಕು ದನಿ ಕೇಳಿ ಅವನು ಮುಖ ಕಿವುಚಿದರೆ? ಒಂದು ಕ್ಷಣ ಕಿವುಚಿದರೂ ಸಾಕು, ಜೀವನಪೂರ್ತಿ ನನಗೆ ಅದೇ ಕಾಣುತ್ತದೆ. ಅದಕ್ಕಿಂತ ಈಗಲೇ ಅವನನ್ನು ಕಳೆದುಕೊಳ್ಳುವುದು ವಾಸಿ ಅನ್ನಿಸಿತ್ತು.

ಹರಿಹರ ಬಂತು. ಜನ ಬ್ಯಾಗು ಎತ್ತಿಕೊಂಡು ಎದ್ದರು. ಅವನು ಏಳಲಿಲ್ಲ, ನನ್ನನ್ನೂ ದಾಟಿ ಹೋಗಲು ಬಿಡಲಿಲ್ಲ. ಮೊಬೈಲನ್ನು ಮೆಲ್ಲಗೆ ನನ್ನ ಮಡಿಲಲ್ಲಿ ಬೋರಲು ಇಟ್ಟ.

"ಇವತ್ತು ನೀನು ಹೇಳು. ಹೂಂ ಅನ್ನಾಕ ನಾನದೀನಿ."

"ನಂಗೆ ಭಯ ಆಗ್ತೈತೆ," ಅಂದೆ.

ದನಿ ಕರಕರ ಅಂದಿತು. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದಳು. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಅವನ ಕಣ್ಣು ನನ್ನ ತುಟಿಯಿಂದ ಕದಲಲಿಲ್ಲ.

"ಹೂಂ," ಅಂದ.

"ಕ್ಲಾಸಲ್ಲಿ ಹುಡುಗ್ರು ನಗ್ತಾರೆ."

"ಹೂಂ."

"ನಿಮ್ಮವ್ವನೂ..." ಉಳಿದದ್ದು ಬರೀ ಗಾಳಿಯಾಗಿ ಹೋಯಿತು. ಅವನು ನನ್ನ ಮಾತು ಪೂರ್ತಿ ಮಾಡಲು ಹೋಗಲಿಲ್ಲ, ಸುಮ್ಮನೆ ಕಾದ. ನಾನು ಉಸಿರು ತುಂಬಿಕೊಂಡೆ. ಬಸ್ಸು ಖಾಲಿಯಾಗಿತ್ತು. ಇಳೀರೀ ಅಂತ ಕಂಡಕ್ಟರ್ ಬಾಗಿಲಿನಿಂದ ರಾಗ ಎಳೆದ.

"ಬ್ಯಾರೆ ಹುಡುಗಿ ನೋಡಬ್ಯಾಡ," ಅಂದೆ. "ನಂಗೆ ನೀನೇ ಬೇಕು."

ಹನುಮೇಶ್ ಹೂಂ ಅನ್ನಲು ಹೋದ. ಈಗ ಅವನಿಗೇ ದನಿ ಹೊರಡಲಿಲ್ಲ.